ಮೋತ್ಯಾನ ಕಿವಿಗೆ ಒಗ್ಗರಣೆ

ಮನೆಯಲ್ಲಿ ಯಾರಿಗೆ ಕಿವಿ ಕೇಳಿಸುತ್ತದೆ, ಯಾರಿಗೆ ಇಲ್ಲ ಎಂದು ತೀರ್ಪು ಕೊಡುವ ಅಧಿಕಾರ ಹೆಂಡತಿಯದು. ಬಸವನ ಬಾಗೇವಾಡಿಯ ನಮ್ಮ ಮನೆಯಲ್ಲಿ ನಾನು ಕಿವುಡನೆಂಬುದು ಮದುವೆಯಾದ ವರ್ಷವೇ ತೀರ್ಮಾನವಾಗಿದೆ. ಗಿರಣಿಯಿಂದ ಹಿಟ್ಟು ತರಲು ಹೇಳಿದರೆ ನನಗೆ ಕೇಳಿಸುವುದಿಲ್ಲವಂತೆ. ಇರಲಿ. ಆದರೆ ನಮ್ಮ ನಾಯಿ ಮೋತ್ಯಾನಿಗೂ ಕೇಳಿಸುತ್ತಿಲ್ಲ ಎಂದು ಅವಳು ಹೇಳಿದ್ದು ಮಾತ್ರ ನನಗೆ ತಕ್ಷಣ ಕೇಳಿಸಿತು. ನಮ್ಮಲ್ಲಿ ದಿನದ ಮೊದಲ ರೊಟ್ಟಿ ನಾಯಿಗೆ. ರೊಟ್ಟಿ ಬಡಿಯುವ ಸದ್ದಿಗೆ ಹಾರಿ ಬರುತ್ತಿದ್ದ ಪ್ರಾಣಿ ಈಗ ಏಳುತ್ತಲೇ ಇರಲಿಲ್ಲ.

ಕೆರೆದು ಕೆರೆದು ಕಿವಿ ಹುಣ್ಣಾಗಿತ್ತು. ತಲೆ ಒಂದು ಕಡೆ ವಾಲಿತ್ತು. ನಾನು ಆಲಮಟ್ಟಿಯ ಕಚೇರಿಯಿಂದ ಮರಳಿದರೆ ಬೈಕಿನ ಸದ್ದಿಗೂ ಕುಣಿಯದು. ಸಂಕಟವಾಯಿತು. ಕುಸುಬಿ ಎಣ್ಣೆಯಲ್ಲಿ ಬೆಳ್ಳುಳ್ಳಿ ಕಾಯಿಸಿ, ಆರಿಸಿ, ಕಿವಿಗೆ ಬಿಟ್ಟೆ. ನಮ್ಮಮ್ಮ ನನಗೂ ಹಾಗೇ ಬಿಡುತ್ತಿದ್ದಳು. ಮೋತ್ಯಾ ಮೈ ಝಾಡಿಸಿ ಅರ್ಧ ಎಣ್ಣೆಯನ್ನು ನನ್ನ ಅಂಗಿಗೆ ವಾಪಸು ಕೊಟ್ಟಿತು.

ಆಮೇಲೆ ಮೊಬೈಲು ಹಿಡಿದು ಕೂತೆ. ಸ್ಟೆಮ್ ಸೆಲ್ ಎಂಬ ಚಿಕಿತ್ಸೆ ಇದೆಯಂತೆ. ನಾಯಿಯ ಮೈಯ ಕೊಬ್ಬಿನಿಂದ ಜೀವಕೋಶ ತೆಗೆದು, ಬೆಳೆಸಿ, ಕೆಟ್ಟ ಜಾಗಕ್ಕೆ ಕೊಟ್ಟರೆ ಅದು ರಿಪೇರಿಯಾಗಬಹುದಂತೆ. ಹೆಂಡತಿಗೆ ಉತ್ಸಾಹದಿಂದ ಓದಿ ಹೇಳಿದೆ. ಅವಳು ಮೋತ್ಯಾನ ಪಕ್ಕೆಲುಬು ನೋಡಿದಳು, ನನ್ನ ಹೊಟ್ಟೆ ನೋಡಿದಳು.

“ಅದರ ಮೈಯಾಗ ಕೊಬ್ಬು ಎಲ್ಲೈತ್ರಿ? ತಗಿಯೂದಿದ್ರ ನಿಮ್ಮದೇ ತಗೀಬೇಕು.”

ಮರುದಿನ ಪಶು ಆಸ್ಪತ್ರೆಗೆ ಒಯ್ದೆ. ಡಾಕ್ಟರು ಅದರ ಕಿವಿಯನ್ನು ಮೂಸಿ ನೋಡಿ ಕೇಳಿದರು: “ಇದಕ್ಕ ಒಗ್ಗರಣಿ ಯಾರು ಹಾಕ್ಯಾರ್ರಿ?”

ನಾನು ಮಾತು ತಿರುಗಿಸಿ ಸ್ಟೆಮ್ ಸೆಲ್ ಎಂದೆ. ಅದಿನ್ನೂ ಪರೀಕ್ಷೆಯ ಹಂತದಲ್ಲಿದೆ, ಇಲ್ಲಿರುವುದು ಸೋಂಕು ಮತ್ತು ಹೊಲಸು, ಅದರ ಮೇಲೆ ನಿಮ್ಮ ಎಣ್ಣೆ ಎಂದರು. ತೊಳೆದು ಔಷಧಿ ಬರೆದರು. ಮುಂದೆ ಎಷ್ಟು ಕೇಳಿಸುತ್ತದೋ ಈಗಲೇ ಹೇಳಲಾಗದು ಎಂದರು. ದಿನಾ ಎರಡು ಹೊತ್ತು ನಾನೇ ಹಿಡಿದು ಔಷಧಿ ಹಾಕಿದೆ.

ಹುಣ್ಣು ಮಾಯಿತು, ತಲೆ ನೆಟ್ಟಗಾಯಿತು. ಆದರೆ ನಾನು ಕರೆದರೆ ಮೋತ್ಯಾ ತಿರುಗಿ ನೋಡದು. ಹೋಯಿತು, ಕಿವಿ ಹೋಯಿತು ಎಂದು ಒಂದು ರವಿವಾರ ಕಟ್ಟೆಯ ಮೇಲೆ ಕೂತು ಮತ್ತೆ ಸ್ಟೆಮ್ ಸೆಲ್ ಹುಡುಕುತ್ತಿದ್ದೆ. ಒಳಗಿನಿಂದ ಹೆಂಡತಿಯ ದನಿ ಏನೋ ಬರುತ್ತಿತ್ತು. ಅಷ್ಟರಲ್ಲಿ ಟಪಟಪ ಎಂದು ರೊಟ್ಟಿ ಬಡಿಯುವ ಸದ್ದು; ಉಳಿದ ದಿನ ಆ ಹೊತ್ತಿಗೆ ನಾನು ಕಚೇರಿಯ ದಾರಿಯಲ್ಲಿರುತ್ತೇನೆ. ಮೋತ್ಯಾನ ಎರಡೂ ಕಿವಿ ನಿಮಿರಿದವು. ಒಂದೇ ನೆಗೆತಕ್ಕೆ ಅಡುಗೆಮನೆಯ ಬಾಗಿಲು. ಖುಷಿಗೆ ನನ್ನ ಕಣ್ಣು ತುಂಬಿತು. ಔಷಧಿ ಹಾಕುವವನು ನಾನೆಂದು ನನ್ನ ಕರೆಗಷ್ಟೇ ಕಿವುಡಾಗಿತ್ತು ಕಳ್ಳನಾಯಿ! ನಾನೂ ಹಿಂದೆಯೇ ಓಡಿದೆ.

ಹೆಂಡತಿ ಹಂಚಿನಿಂದ ಕಣ್ಣೆತ್ತದೆ ಹೇಳಿದಳು: “ಇಬ್ಬರ ಕಿವೀನೂ ಚಲೋ ಅದಾವ. ಹಿಟ್ಟು ಇದೊಂದ ರೊಟ್ಟಿಗೆ ತೀರತೈತಿ ಅಂತ ಆಗಿಂದ ಒದರಾಕತ್ತೇನಿ.”

ಮೊದಲ ರೊಟ್ಟಿ ಮೋತ್ಯಾನಿಗೆ ಹೋಯಿತು. ನಾನು ಗಿರಣಿಗೆ ಹೋದೆ.