ವಲ್ಲಿಯ ಕೆಳಗಿನ ಚುನಾವಣೆ

ಹೊಲ-ಮನೆಗಳ ದಲಾಲಿ ಮಾಡುವವನ ಬಾಳಿನಲ್ಲಿ ನಗೆಗೆ ಎಂದೂ ಬರಗಾಲವಿಲ್ಲ. ಎಷ್ಟೋ ಸಲ ನಗುವವರು ಊರವರು, ನಗೆಪಾಟಲಾಗುವವನು ನಾನು, ಅಷ್ಟೇ. ಸಂಸ್ಥಾನ ಹೋಗಿ ನಮ್ಮ ಜತ್ತ ತಾಲೂಕಾದ ಮೇಲೆ ಹೊಲ ಕೊಳ್ಳುವವರೂ ಮಾರುವವರೂ ಹೆಚ್ಚಿದರು, ಅವರಿಗಿಂತ ದಲಾಲರು ಹೆಚ್ಚಿದೆವು. ಅಷ್ಟರಲ್ಲಿ ದೇಶದ ಮೊದಲ ಚುನಾವಣೆ ಬಂದು ಹೋಯಿತು. ಆ ಗಾಳಿ ನಮಗೂ ತಾಗಿ, ದಲಾಲರ ಸಂಘವೊಂದನ್ನು ಕಟ್ಟಿ, ಅದಕ್ಕೊಬ್ಬ ಅಧ್ಯಕ್ಷನನ್ನು ಆರಿಸಲು ಹೊರಟೆವು. ಆಗಿನ ಮಾತುಗಳು ಇವು.

ಚಹಾದ ಬಶಿ

ನಾನು ಚುನಾವಣೆಗೆ ನಿಂತದ್ದು ಸಮಾಜಸೇವೆಗಲ್ಲ, ತಂಗಿಯ ಲಗ್ನಕ್ಕೆ. ಬಿಳೂರಿನಲ್ಲಿ ಒಳ್ಳೆಯ ವರ ಇದ್ದ. ಹುಡುಗನ ತಂದೆ ದನದ ವ್ಯಾಪಾರಿ. ಮಾತು ತೆಗೆಯಲು ಹೋದ ನನ್ನ ಸೋದರಮಾವ ಸಪ್ಪೆ ಮುಖ ಹೊತ್ತು ತಿರುಗಿ ಬಂದ.

"ಏನಂದ್ರು ಮಾಮಾ?"

"ಹುಡಿಗಿ ಅಣ್ಣ ಏನ ಮಾಡತಾನ ಅಂದ್ರು. ದಲಾಲ ಅಂದೆ. ಚಾದ ಬಶಿ ಕೆಳಗ ಇಟ್ಟಬಿಟ್ರು. ದಲಾಲರ ಬಾಯಾಗ ಖರೇ ಮಾತ ಬರೂದಿಲ್ಲಂತ."

"ಅವ್ರು ಮುದಿ ಎತ್ತಿನ ಕೋಡ ಕೆತ್ತಿ, ಎಣ್ಣಿ ಹಚ್ಚಿ, ಹರೇದ್ದು ಅಂತ ಮಾರತಾರಲ್ಲ?"

"ಅದು ವ್ಯಾಪಾರಂತಪಾ."

ನನಗೆ ಸಿಟ್ಟು ಬಂತು, ತಂಗಿಯ ಮುಖ ನೋಡಿ ಸಂಕಟವೂ ಆಯಿತು. ಅವಳಿಗೆ ಆ ಹುಡುಗ ಮನಸ್ಸಿಗೆ ಬಂದಿದ್ದ. ಮಾವನೇ ದಾರಿ ತೋರಿಸಿದ: "ನೀ ಸಂಘದ ಅಧ್ಯಕ್ಷ ಆಗಿಬಿಡು. ಅಧ್ಯಕ್ಷ ಅಂದ್ರ ಸಾಕು, ಎದರ ಅಧ್ಯಕ್ಷ ಅಂತ ಯಾರೂ ಕೇಳೂದಿಲ್ಲ."

ಉಮದಿಯ ಬೇಡಿಕೆ

ನನ್ನ ಎದುರಿಗೆ ನಿಂತವರು ಹಿರಿಯ ದಲಾಲರು. ಅವರ ರುಮಾಲು ಎಷ್ಟು ದೊಡ್ಡದೆಂದರೆ ಎಲ್ಲರೂ ಅವರನ್ನು ರುಮಾಲಿನವರು ಎಂದೇ ಕರೆಯುತ್ತಿದ್ದೆವು. ಉಮದಿಗೆ ದಿನಕ್ಕೊಂದೇ ಬಸ್ಸು. ಹೀಗಾಗಿ ಮತ ಕೇಳಲು ಇಬ್ಬರೂ ಒಂದೇ ಸೀಟಿನಲ್ಲಿ ಕೂತು, ಒಬ್ಬರ ಎಲೆಅಡಿಕೆ ಒಬ್ಬರು ಹಾಕಿಕೊಂಡು ಹೋದೆವು. ಅಲ್ಲಿ ನಮ್ಮ ಕಸುಬಿನ ಹಿರಿಯ ಚಾಚಾ ಒಬ್ಬರಿದ್ದರು. ಮೊದಲು ನಾನು ಒಳಗೆ ಹೋದೆ. ರುಮಾಲಿನವರು ತಮ್ಮ ಪಾಳಿ ಕಾಯುತ್ತ ಹೊರಗೆ ಕಟ್ಟೆಯ ಮೇಲೆ ಕೂತರು.

"ಬರ್ರಿ, ಕುಂದ್ರಿ. ಏನ ಬಂದ್ರಿ?"

"ಚಾಚಾ, ನಿಮ್ಮ ಮತ ನನಗ ಬೇಕ್ರಿ."

ಚಾಚಾ ದನಿ ಇಳಿಸಿದರು. "ಈಗರೇ ಬ್ಯಾರೆ ಪಾರ್ಟಿ ಬಂದ ಹೋತ್ರಿ. ರುಮಾಲಿನವ್ರು ಭಾಳ ಗಂಟ ಬಿದ್ದಾರ. ನೀವು ಲಗೂನ ಮುಗಿಸಿದ್ರ ಚಲೋ."

ಇದು ಗಿರಾಕಿಯ ಮುಂದೆ ನಾವೆಲ್ಲ ಪಠಿಸುವ ಮಂತ್ರ. ನಾನು ಬಾಗಿಲ ಕಡೆ ತಿರುಗಿ, "ಸಾವಕಾರ್ರ, ಒಂದೀಟ ಒಳಗ ಬರ್ರಿ" ಎಂದು ಕೂಗಿದೆ. ರುಮಾಲಿನವರು ಬಂದು ಹೊಸ್ತಿಲಲ್ಲಿ ನಿಂತರು. ಈಗ ಚಾಚಾ ನಾಚುತ್ತಾರೆಂದು ಕಾದೆ. ಅವರು ನನ್ನ ತೊಡೆ ತಟ್ಟಿ ಹೇಳಿದರು: "ನೋಡ್ರಿ, ಮತ್ತ ಬಂದ್ರು! ನನ್ನ ಮತಕ್ಕ ಎಷ್ಟ ಬೇಡಿಕಿ ಐತಿ ಅಂತ ಹೇಳಿದ್ದಿಲ್ಲೇನ್ರಿ?"

ತಕರಾರಿಲ್ಲದ ಮನುಷ್ಯ

ಪ್ರಚಾರಸಭೆ ಒಂದು ಸೇಂಗಾ ಅಡತಿ ಅಂಗಡಿಯ ಅಂಗಳದಲ್ಲಿ. ನನ್ನ ಪರವಾಗಿ ಮಾತಾಡಲು ಎದ್ದ ಗೆಳೆಯ ಹುಟ್ಟಿದಾಗಿನಿಂದ ಹೊಲ ಬಿಟ್ಟು ಬೇರೇನನ್ನೂ ಹೊಗಳಿದವನಲ್ಲ.

"ಇವ್ರು ಭಾಳ ಚಲೋ ಮನಷ್ಯಾರ್ರಿ. ಯಾವ ತಕರಾರೂ ಇಲ್ಲ. ಪಾಲಿಗೆ ಬರಾವ್ರು ಯಾರೂ ಇಲ್ಲ. ನಾಕೂ ಕಡಿಂದ ದಾರಿ ಐತಿ." ಇಲ್ಲಿ ಅವನ ಕಣ್ಣು ನನ್ನ ಬೋಳು ತಲೆಯ ಮೇಲೆ ಬಿತ್ತು. ಗಿರಾಕಿ ಕೇಳುವ ಮೊದಲೇ ಐಬು ಮುಚ್ಚುವುದು ನಮ್ಮ ಕಸುಬಿನ ಧರ್ಮ. "ಮ್ಯಾಲ ಒಂದೀಟ ಬರಡ ಕಾಣತೈತಿ ಖರೆ. ಸುತ್ತಲೂ ಬೆಳಿ ಐತಿ, ನೋಡ್ಕೋರಿ!"

ಸಭೆ ಬಿದ್ದು ಬಿದ್ದು ನಕ್ಕಿತು. ಹಿಂದೆ ತೂಕಡಿಸುತ್ತಿದ್ದ ಒಬ್ಬ ಮುದುಕ ದಲಾಲ ಎಚ್ಚತ್ತು ಕೂಗಿದ: "ಮಾತ ಸಾಕ, ಕಡೀಕ ಎಷ್ಟಕ್ಕ ಬಿಡತೀರಿ ಹೇಳ್ರಿ!"

ಮತದಾನ

ಚೀಟಿ ಹಾಕೋಣ ಎಂದು ಯಾರೋ ಹೇಳಿದರು. ಯಾರೂ ಒಪ್ಪಲಿಲ್ಲ. ಬರೆದು ಕೊಟ್ಟ ಮೇಲೆ ಮಾತು ತಿರುಗಿಸಲು ಬರುವುದಿಲ್ಲವಲ್ಲ! ಕಡೆಗೆ ದನದ ಸಂತೆಯ ಪದ್ಧತಿಯೇ ನಿಂತಿತು. ಅಲ್ಲಿ ವ್ಯಾಪಾರಿಗಳು ಹೆಗಲ ಮೇಲಿನ ವಲ್ಲಿಯನ್ನು ಕೈಗಳ ಮೇಲೆ ಮುಚ್ಚಿ, ಒಳಗೊಳಗೇ ಬೆರಳು ಹಿಡಿದು ದರ ಹೇಳುತ್ತಾರೆ. ಹೊರಗಿನವರಿಗೆ ಏನೂ ತಿಳಿಯದು. ನನಗೆ ಒಂದು ಬೆರಳು, ರುಮಾಲಿನವರಿಗೆ ಎರಡು. ಸಮ ಬಿದ್ದರೆ ಗೆಲುವು ಕಿರಿಯನಾದ ನನಗೆ. ವಲ್ಲಿ ಹಿಡಿದು ಕೂರಲು ಸಂಘಕ್ಕೆ ಸೇರದ, ಬೆರಳಿನ ಲೆಕ್ಕ ತಪ್ಪದ ಒಬ್ಬರು ಬೇಕಿತ್ತು. ಅಂಥವರು ಅವತ್ತು ಜತ್ತದಲ್ಲಿ ಒಬ್ಬರೇ: ಬಿಳೂರಿನ ಆ ದನದ ವ್ಯಾಪಾರಿ. ನಾನು ಅಧ್ಯಕ್ಷಗಿರಿಗೆ ನಿಂತ ಸುದ್ದಿ ಕೇಳಿ ಮನಸ್ಸು ಮೆತ್ತಗಾಗಿ, ಬೆಳಿಗ್ಗೆ ನಮ್ಮ ಮನೆಗೆ ಬಂದು ತಂಗಿಯನ್ನು ನೋಡಿ, "ಸಂಜೀಕ ಹೇಳತೇನಿ" ಎಂದು ಎದ್ದಿದ್ದರು. ನಾನು ಗೆದ್ದರೆ ಲಗ್ನ, ಸೋತರೆ ಇಲ್ಲ ಎಂಬುದು ಅದರ ಅರ್ಥ.

ಒಬ್ಬೊಬ್ಬರಾಗಿ ಎಲ್ಲರೂ ಕೈ ಕೊಟ್ಟರು. ಎಲ್ಲರ ಕೊನೆಗೆ ನನ್ನ ಪಾಳಿ. ವಲ್ಲಿಯೊಳಗೆ ಕೈ ಇಟ್ಟೆನೋ ಇಲ್ಲವೋ, ಅವರು ಗಪ್ಪನೆ ಹಿಡಿದು ಕಿವಿಯ ಹತ್ತಿರ ಬಾಗಿದರು.

"ಹುಡಿಗಿ ನಮಗ ಪಸಂದ ಐತ್ರಿ. ನೀವು ಅಧ್ಯಕ್ಷರಾದ ಮ್ಯಾಲ ಬಿಗಿ ಆಗತೀರಿ, ಈಗ ಮುಗಿಸಿಬಿಡೂಣು. ದಿಬ್ಬಣಕ್ಕ ಇಷ್ಟ ಬಂಡಿ." ನನ್ನ ಐದೂ ಬೆರಳು ಹಿಡಿದು ಎರಡು ಸಲ ಒತ್ತಿದರು. ಹತ್ತು!

ನನಗೆ ಸ್ವರ್ಗ ಮೂರೇ ಗೇಣು. ಆದರೂ ಕೈ ದಲಾಲನದು. ಹತ್ತು ಬಂಡಿ ಬೀಗರಿಗೆ ಊಟ ಹಾಕಲು ಅದು ಒಪ್ಪಲಿಲ್ಲ. ಒಂದು ಬೆರಳು ಹಿಡಿದೆ. ಅವರು ಎಂಟಕ್ಕೆ ಇಳಿದರು. ನಾನು ಒಂದನ್ನು ಬಿಡಲಿಲ್ಲ. ಅವರು ತಲೆ ಕೊಡವಿದರು, ನಾನು ಕೈ ಕಿತ್ತುಕೊಂಡಂತೆ ಮಾಡಿದೆ, ಅವರು ಎಳೆದು ಮತ್ತೆ ಹಿಡಿದರು. ಹಿಂದಿನಿಂದ ಚಾಚಾ ಕೂಗಿದರು: "ತನಗ ತಾ ಮತ ಹಾಕಾಕ ಇಷ್ಟ ಹೊತ್ತೇನ್ರಿ?" ಕಡೆಗೆ ಎರಡು ಬಂಡಿಗೆ ಮಾತು ಮುಗಿಯಿತು. ನಾನು ಬೆವರು ಒರೆಸಿಕೊಂಡು, ಮೀಸೆ ತಿರುವುತ್ತ ಎದ್ದು ಬಂದೆ.

ಬಿಳೂರಿನವರು ವಲ್ಲಿ ಝಾಡಿಸಿ ಹೇಳಿದರು: "ರುಮಾಲಿನವ್ರು ಒಂದ ಮತಕ್ಕ ಗೆದ್ರು."

"ನನ್ನ ಮತ ಹಿಡದ್ರೇನ್ರಿ?"

"ನೀವು ಎಲ್ಲಿ ಹಾಕಿದ್ರಿ?"

ಬಂಡಿಯ ಚೌಕಾಸಿಯಲ್ಲಿ ಮತ ಹಾಕುವುದನ್ನೇ ಮರೆತಿದ್ದೆ. ಅವರ ಮುಖ ಹುಳ್ಳಗಾಗಿತ್ತು. "ನೀವು ಸೋಲತೀರಿ ಅಂತ ಗೊತ್ತಿದ್ರ ಹತ್ತು ಬಂಡಿಂದ ಇಳೀತಿರಲಿಲ್ರಿ" ಎಂದು ನಿಟ್ಟುಸಿರುಬಿಟ್ಟರು. "ಆಗಲಿ. ಬೆರಳ ಹಿಡದ ಮ್ಯಾಲ ಮಾತ ತಿರಗಸಾವ ನಾ ಅಲ್ಲ." ನಾನು ಅಲ್ಲೇ ಅವರ ಕಾಲಿಗೆ ಬಿದ್ದೆ. ಗೆದ್ದ ರುಮಾಲಿನವರಿಗೂ ಅಷ್ಟು ಸಂತೋಷ ಆಗಿರಲಿಕ್ಕಿಲ್ಲ.

ಲಗ್ನದ ದಿನ ಎರಡು ಬಂಡಿಯ ಲೆಕ್ಕಕ್ಕೆ ಅಡಿಗೆ ಮಾಡಿಸಿ ಊರ ಬಾಯಿಗೆ ಬೀಗರನ್ನು ಎದುರುಗೊಳ್ಳಲು ಹೋದೆ. ಮಾತಿನಂತೆ ಎರಡೇ ಬಂಡಿ ಬಂದವು. ಅವುಗಳ ಹಿಂದೆ ಧೂಳೆಬ್ಬಿಸುತ್ತ ಇಡೀ ಬಿಳೂರು ನಡೆದು ಬರುತ್ತಿತ್ತು.

"ಇದೇನ್ರಿ ಬೀಗ್ರ?" ಎಂದು ಬಾಯಿ ಬಿಟ್ಟೆ.

ಅವರು ಬಂಡಿಯಿಂದ ಇಳಿದು ನನ್ನ ಹೆಗಲ ಮೇಲೆ ಕೈ ಹಾಕಿದರು. "ನಮ್ಮ ಮಾತ ಬಂಡೀದ ಆಗಿತ್ರಿ, ಮಂದೀದ ಆಗಿತ್ತೇನು? ಪಾಪ, ಅಷ್ಟ ದೂರ ನಡದ ಬಂದಾರ, ಹಸಿವಿನೂ ಜಾಸ್ತಿ ಆಗೇತಿ. ಲಗೂನ ಎಲಿ ಹಾಕಸ್ರಿ."