ಲಿಂಡನ್ನನ ಅಂಗಿಯ ಚುಂಗು

ಲಿಂಡನ್ ಪೆಲ್ಕಿ ಕಾಕಂಬಿ ಮೆತ್ತಿದ ಕೈಯನ್ನು ಅಂಗಿಯ ಹಿಂಚುಂಗಿಗೆ ಒರೆಸಿಕೊಂಡ. ಆ ದಿನದ ಫಜೀತಿಗೆಲ್ಲ ಅದೇ ಮೂಲ.

ಅಂಗಿ ಹೊಸದು. ಹೆಂಡತಿ ವರ್ನಾ ಚಳಿಗಾಲವಿಡೀ ಕೂತು ಹೊಲಿದದ್ದು. ಅಮೆರಿಕದ ಮೇನ್ ಕಾಡಿನಲ್ಲಿ ಅವನೂ ಗೆಳೆಯರೂ ಸೇರುತ್ತಿದ್ದ ಬೇಟೆಮನೆಯಲ್ಲಿ ಒಂದು ಕಟ್ಟಳೆಯಿತ್ತು: ಗುರಿ ತಪ್ಪಿದವನ ಅಂಗಿಯ ಚುಂಗು ಕತ್ತರಿಸಿ ಗೋಡೆಗೆ ಮೊಳೆ ಹೊಡೆಯುವುದು. ಗೋಡೆಯ ಮೇಲೆ ಲಿಂಡನ್ನನವೇ ಒಂಬತ್ತು. ಪ್ರತಿ ವರ್ಷವೂ ಮನೆಗೆ ಹೋಗಿ, "ಕರಡಿ ಹರಿದುಬಿಡ್ತು ಕಣೇ," ಅನ್ನುತ್ತಿದ್ದ. ಹೋದ ವರ್ಷ ವರ್ನಾ ಸೇಬಿನ ಪೈ ಕೊಡಲು ಬಂದವಳು ಗೋಡೆ ನೋಡಿಬಿಟ್ಟಳು.

"ಈ ಅಂಗಿಗೆ ಕತ್ತರಿ ತಾಗಲಿ, ನಿನ್ನ ಬಂದೂಕು ಮಾರಿ ಹೊಲಿಗೆ ಯಂತ್ರ ತರ್ತೀನಿ," ಎಂದಿದ್ದಳು ಹೊಸ ಅಂಗಿ ಕೊಡುವಾಗ.

ದೊಡ್ಡ ಬಂದೂಕು ಹೆಗಲಿಗೆ ಒದೆಯುತ್ತದೆಂಬ ಭಯಕ್ಕೆ ಅವನು ಕಣ್ಣು ಮುಚ್ಚಿಬಿಡುತ್ತಿದ್ದ. ಅದಕ್ಕೇ ಈ ಸಲ ಸಣ್ಣ ಗುಂಡಿನ ಹಗುರ ರೈಫಲ್ಲು ತಂದಿದ್ದ.

ಬೇಟೆಮನೆಯ ಹಿರಿಯ ಎಲ್‌ಬ್ರಿಜ್ ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿದ. "ಇದೇನು ತಮ್ಮಾ, ಹಲ್ಲು ಚುಚ್ಚೋ ಕಡ್ಡೀನಾ?"

"ಎದೆಗೂಡಿಗೆ ಸರಿಯಾಗಿ ಬಿದ್ರೆ ಕರಡಿ ಮಲಗುತ್ತಣ್ಣ."

"ಒಂದಿಂಚು ಆಚೀಚೆ ಬಿದ್ರೆ? ಯಾರಪ್ಪಾ ಚುಚ್ಚಿದ್ದು ಅಂತ ವಿಚಾರಿಸೋಕೆ ಮರ ಹತ್ತಿ ಬರುತ್ತೆ."



ಕರಡಿಯನ್ನು ಸೆಳೆಯಲು ಪೀಪಾಯಿಗೆ ಹಳಸಿದ ಡೋನಟ್ ತುಂಬಿ, ಕಾಕಂಬಿ ಸುರಿದು, ಲಿಂಡನ್ ಮರದ ಮೇಲಿನ ಅಟ್ಟಣೆ ಹತ್ತಿ ಕೂತ. ಸಂಜೆಯಾಯಿತು. ಅಳಿಲುಗಳು ಇದ್ದಕ್ಕಿದ್ದಂತೆ ಸುಮ್ಮನಾದವು. ಕಣ್ಣು ಬಿಟ್ಟುಕೊಂಡು ಪೀಪಾಯಿಯನ್ನೇ ನೋಡಿದ. ಅಲ್ಲಿ ಏನೂ ಇಲ್ಲ.

ಸದ್ದು ಬಂದದ್ದು ಬೆನ್ನ ಹಿಂದಿನಿಂದ. ತೊಗಟೆಯ ಮೇಲೆ ಉಗುರು. ಪರ್. ಪರ್. ಒದ್ದೆ ನಾಯಿಯ ವಾಸನೆ. ಆಮೇಲೆ ಸೊಂಟಕ್ಕೆ ಬಿಸಿ ಉಸಿರು.

ಕರಡಿ ಅವನ ಅಂಗಿಯ ಚುಂಗನ್ನು ಚಪ್ಪರಿಸುತ್ತಿತ್ತು.

ತಿರುಗಿ ಹೊಡೆಯಬಹುದಿತ್ತು. ಒಂದಿಂಚು ಆಚೀಚೆ ಆದರೆ? ಬಾಯಿಗೆ ಬಂದ ಪ್ರಾರ್ಥನೆ ಅರ್ಧಕ್ಕೇ ಮರೆತುಹೋಯಿತು. ಕರಡಿ ಒಮ್ಮೆ ಜಗ್ಗಿತು. ಪರ್ರನೆ ಬಟ್ಟೆ ಹರಿಯಿತು, ಬೆರಳು ಬಂದೂಕಿನ ಕುದುರೆ ಒತ್ತಿತು, ಗುಂಡು ಮುಗಿಲಿಗೆ ಹೋಯಿತು. ಕರಡಿ ಬಾಯಿತುಂಬ ಅಂಗಿ ಕಚ್ಚಿಕೊಂಡು ಜಾರಿ ಇಳಿದು ಓಡಿತು.

ಬಹಳ ಹೊತ್ತಿನ ಮೇಲೆ ಲಿಂಡನ್ ಮರದಿಂದ ಇಳಿದು ಹಿಂದೆ ಕೈಯಾಡಿಸಿದ. ಹರಿದ ಅಂಚಿನ ತುಂಬ ಹಲ್ಲಿನ ತೂತು, ಜೊಲ್ಲು. ಒಂಬತ್ತು ಸುಳ್ಳಿನ ಮೇಲೆ ಕೊನೆಗೂ ಒಂದು ನಿಜ! ಸಾಕ್ಷಿ ಸಮೇತ ವರ್ನಾಗೆ ತೋರಿಸಬಹುದು.

ಗುಂಡಿನ ಸದ್ದಿಗೆ ಎಲ್‌ಬ್ರಿಜ್ ಕತ್ತರಿ ಹಿಡಿದೇ ಬಂದ. "ಕರಡಿ ಎಲ್ಲಿ?"

"ಓಡಿಹೋಯ್ತು."

"ಹಾಗಾದ್ರೆ ತಿರುಗು."

"ಕತ್ತರಿಸೋಕೆ ಏನುಳಿದಿದೆ ಅಣ್ಣ? ಕರಡೀನೇ ತಿಂದಿದೆ ನೋಡು!"

ಎಲ್‌ಬ್ರಿಜ್ ಬಗ್ಗಿ ನೋಡಿ ಟೋಪಿ ತೆಗೆದ. "ಅಬ್ಬಾ, ಏನು ಹಲ್ಲು! ನಲವತ್ತು ವರ್ಷದಲ್ಲಿ ಇಂಥದ್ದು ಕಂಡಿಲ್ಲ."

"ವರ್ನಾಗೆ ಅದನ್ನೇ ತೋರಿಸ್ಬೇಕು..."

"ಆದ್ರೂ ತಪ್ಪಿದ ಗುಂಡು ತಪ್ಪಿದ್ದೇ," ಎಂದವನೇ ಎಲ್‌ಬ್ರಿಜ್ ಹಲ್ಲಿನ ಗುರುತಿನ ಆ ಅಂಚನ್ನು ಉದ್ದಕ್ಕೂ ನೀಟಾಗಿ ಕತ್ತರಿಸಿಕೊಂಡ. "ಇದು ಗೋಡೆಯ ನಟ್ಟನಡುವೆ!" ಮೊಳೆ ಹೊಡೆದದ್ದನ್ನು ಕೀಳುವ ಪದ್ಧತಿ ಅಲ್ಲಿರಲಿಲ್ಲ.

ಮನೆಯಲ್ಲಿ ವರ್ನಾ ಅಂಗಿಯ ಅಂಚಿನ ಮೇಲೆ ಬೆರಳಾಡಿಸಿದಳು. ದಾರ ಹಿಡಿದು ಗೀಚಿದಷ್ಟು ನೇರವಾಗಿತ್ತು.

"ಕರಡಿ ಕಣೇ. ನಿಜವಾಗಲೂ."

"ಕತ್ತರಿ ತಂದಿತ್ತಾ?"

"ಬೇಕಾದ್ರೆ ಬಂದು ಗೋಡೆ ನೋಡು!"

"ಹೋದ ವರ್ಷವೇ ನೋಡಿದೀನಿ."

ಅವಳು ಅವನ ಹೆಗಲಿನಿಂದ ರೈಫಲ್ಲು ಇಳಿಸಿಕೊಂಡು ಕೈಯಲ್ಲೇ ತೂಗಿದಳು.

"ಹಗುರವಾಗಿದೆ. ಅಂಗಡಿಗೆ ನಾನೇ ಹೊತ್ಕೊಂಡು ಹೋಗ್ತೀನಿ."