ಮೈದಾನದಲ್ಲಿ ನಾಲ್ಕು ಸುತ್ತು

ದಪ್ಪಗಿರುವವರು ನಗೆಮಾತು ಹುಡುಕಿಕೊಂಡು ಹೋಗಬೇಕಿಲ್ಲ. ಜನ ತಾವಾಗಿಯೇ ತಂದು ಕೊಡುತ್ತಾರೆ. ನನಗೆ ಇಪ್ಪತ್ತಾರು, ಯಲಬುರ್ಗಾದ ಕಚೇರಿಯೊಂದರಲ್ಲಿ ಕ್ಲರ್ಕು. "ಶುಗರ್ ಬಾಗಿಲಿಗೆ ಬಂದು ನಿಂತೈತಿ. ದಿನಾ ನಡೀರಿ, ಇಲ್ಲಾಂದ್ರ ಜೀವನಪೂರ್ತಿ ಗುಳಿಗಿ," ಎಂದರು ಕೊಪ್ಪಳದ ಡಾಕ್ಟರು. ಶುಗರಿಗೆ ನಮ್ಮಪ್ಪನ ಒಂದು ಕಾಲು ಹೋಗಿದೆ. ಹೆದರಿ ನಡೆಯಲು ಹೊರಟೆ.

ಟಿಕೆಟ್ಟು

ಅವತ್ತೇ ಕೊಪ್ಪಳದಿಂದ ವಾಪಸ್ ಬರುವಾಗ ಕಂಡಕ್ಟರ್ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿನಗ ಎರಡು ಫ್ರೀ ಟಿಕೆಟ್ ಹರೀಬೇಕಲ್ಲವ್ವಾ!" ಎಂದ. ಬಸ್ಸೆಲ್ಲ ನಕ್ಕಿತು. "ಹರೀರಿ, ಬಾಜೂ ಸೀಟೂ ನಂದ ಆತು," ಎಂದು ನಾನೂ ನಕ್ಕು, ಕಿಟಕಿಗೆ ಮುಖ ಹಾಕಿ ಅತ್ತೆ. ಊರು ಬರುವವರೆಗೂ ಬಾಜೂ ಸೀಟಿಗೆ ಯಾರೂ ಬರಲಿಲ್ಲ. ಟಿಕೆಟ್ ಮಾತ್ರ ಒಂದೇ ಕೊಟ್ಟಿದ್ದ.

ಫ್ಲೆಕ್ಸು

ರಜೆ ಹಾಕಿ ನಮ್ಮೂರು ಗಂಗಾವತಿಯಲ್ಲಿ ಜಿಮ್ ಸೇರಿದೆ. ಮಾಲೀಕ ಮೊದಲ ದಿನವೇ ಫೋಟೋ ತೆಗೆದ. ಎಂಟನೇ ದಿನ ಸರ್ಕಲ್ಲಿನಲ್ಲಿ ಫ್ಲೆಕ್ಸು: 'ಮೊದಲು' ಎಂದು ನಾನು, 'ನಂತರ' ಎಂದು ಯಾರೋ ತೆಳ್ಳನೆಯ ಹುಡುಗಿ. ಜಗಳಕ್ಕೆ ಹೋದರೆ, "ಹೆಸರು ಹಾಕಿಲ್ಲಲ್ರೀ ಮೇಡಂ," ಎಂದ. ಜಿಮ್ ಬಿಟ್ಟೆ. ಅವ್ವ ಫ್ಲೆಕ್ಸ್ ನೋಡಿ ಬಂದು ಕೇಳಿದಳು: "ಆ ಎರಡನೇ ಹುಡುಗಿ ಯಾರ ಪೈಕಿ? ನಿಮ್ಮಣ್ಣಗ ಹೆಣ್ಣು ಕೇಳೋಣೇನು?"

ಬೂಟು

ರಜೆ ಮುಗಿಯಿತು. ಉಳಿದದ್ದು ಯಲಬುರ್ಗಾದ ಮೈದಾನ. ಅಲ್ಲಿ ಕ್ರಿಕೆಟ್ ಆಡುವ ಹುಡುಗರು. "ಜೆಸಿಬಿ ಬಂತು, ಸರೀರಲೇ!" ಎನ್ನುತ್ತಿದ್ದರು. ಅರ್ಧ ಸುತ್ತಿಗೇ ಮನೆಗೆ ಓಡಿ ಬರುತ್ತಿದ್ದೆ. ಹೀಗೇ ಒಂದು ತಿಂಗಳು ಹಾಳಾಯಿತು.

ಒಂದು ಮುಂಜಾನೆ ಎಮ್ಮೆ ಹೊಡೆದುಕೊಂಡು ಹೊರಟಿದ್ದ ಮುದುಕಿಯೊಬ್ಬಳು ಅವರ ಮೇಲೆ ಹರಿಹಾಯ್ದಳು: "ಕಣ್ಣ ಕಾಣಂಗಿಲ್ಲೇನ್ರಲೇ? ಬಸುರಿ ಹೆಣ್ಮಗಳು, ಸಲೀಸ ಹೆರಿಗಿ ಆಗ್ಲಿ ಅಂತ ನಡ್ಯಾಕತ್ತಾಳ. ದಾರಿ ಬಿಡ್ರಿ!"

ನನಗೆ ಮದುವೆಯೇ ಆಗಿಲ್ಲ. ಆದರೆ ಕೊರಳಿಗೆ ಓಢಣಿ ಸುತ್ತಿತ್ತು, ಕಾಲುಂಗುರ ನೋಡೋಣವೆಂದರೆ ಕಾಲಲ್ಲಿ ಬೂಟು. ಹುಡುಗರು ತಲೆ ತಗ್ಗಿಸಿ ಸರಿದರು. ಒಬ್ಬನಂತೂ, "ತಪ್ಪಾತ್ರಿ ಅಕ್ಕಾರ," ಎಂದ.

"ಎಷ್ಟು ತಿಂಗಳವ್ವಾ?" ಮುದುಕಿ ಕೇಳಿದಳು.

ಇಲ್ಲವೆನ್ನಲು ಬಾಯಿ ತೆರೆದವಳು ಖಾಲಿಯಾದ ದಾರಿ ನೋಡಿದೆ. "ಐದು ತಿಂಗಳ್ರಿ ಅಮ್ಮಾ," ಎಂದುಬಿಟ್ಟೆ.

ಅಂದಿನಿಂದ ದಿನಾ ನಾಲ್ಕು ಸುತ್ತು. ಯಾರೂ ನಗುವುದಿಲ್ಲ. ಈ ಮೈಗೆ ಇಷ್ಟು ಮರ್ಯಾದೆ ಎಂದೂ ಸಿಕ್ಕಿರಲಿಲ್ಲ. ಅದೂ ನನಗಲ್ಲ, ಹೊಟ್ಟೆಯಲ್ಲಿ ಇಲ್ಲದ ಕೂಸಿಗೆ. ನೆನೆದರೆ ಹೊಟ್ಟೆ ಉರಿಯುತ್ತದೆ.

ಮೊನ್ನೆ ಡಾಕ್ಟರು ರಕ್ತ ನೋಡಿ, "ಶುಗರ್ ಭಾಳ ಇಳಿದೈತಿ. ನಡಿಯೋದು ಮಾತ್ರ ಎಂದೂ ನಿಲ್ಲಿಸಬ್ಯಾಡ್ರಿ," ಎಂದರು. ಮೈದಾನದ ಲೆಕ್ಕದಲ್ಲಿ ನನಗೀಗ ಏಳು ತಿಂಗಳು. ಒಂಬತ್ತು ತುಂಬುವುದರೊಳಗೆ ಕುಷ್ಟಗಿಗೆ ವರ್ಗ ಮಾಡಿಸಿಕೊಳ್ಳಬೇಕು. ಅಲ್ಲಿ ಮತ್ತೆ ಐದನೇ ತಿಂಗಳಿನಿಂದ ಶುರು ಮಾಡಬೇಕು.